ಉಕ್ಕಡಗಾತ್ರಿಯಲ್ಲಿ ನೀರಿನ ವಾರ

ಎರಡು ಲೋಟ, ಎರಡೂ ಒಂದೇ ಅಳತೆಯವು, ಎರಡರಲ್ಲೂ ಸರಿಸಮ ನೀರು. ನಾಲ್ಕೂವರೆ ವರ್ಷದ ಮಗು ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿ, ಎರಡೂ ಒಂದೇ ಅನ್ನುತ್ತದೆ. ಈಗ ಅದರ ಕಣ್ಣೆದುರೇ ಒಂದು ಲೋಟದ ನೀರನ್ನು ಉದ್ದನೆಯ ತೆಳ್ಳನೆಯ ಬಾಟಲಿಗೆ ಸುರಿಯಿರಿ. ಒಂದು ಹನಿಯೂ ಚೆಲ್ಲಬಾರದು. ಆಮೇಲೆ ಕೇಳಿ, ಯಾವುದರಲ್ಲಿ ಹೆಚ್ಚು ನೀರಿದೆ? ಬೆರಳು ನೆಟ್ಟಗೆ ಬಾಟಲಿಯ ಕಡೆ ಹೋಗುತ್ತದೆ. ‘ಇದ್ರಾಗ ಜಾಸ್ತಿ ಐತಿ!’ ವಾಪಸ್ ಲೋಟಕ್ಕೆ ಸುರಿದರೆ ‘ಈಗ ಒಂದೇ’. ಮತ್ತೆ ಬಾಟಲಿಗೆ ಸುರಿದರೆ ಮತ್ತೆ ‘ಜಾಸ್ತಿ’. ತುಂಗಭದ್ರೆಯನ್ನು ದಿನಬೆಳಗಾದರೆ ನೋಡುವ ಊರಿನ ಮಗುವೂ ಹೀಗೇ ಅನ್ನುತ್ತದೆ, ತುಂಗಭದ್ರೆಯನ್ನು ಎಂದೂ ಕಾಣದ ಜಿನೀವಾದ ಓಣಿಯ ಮಗುವೂ ಹೀಗೇ ಅನ್ನುತ್ತದೆ! ಇನ್ನೆರಡು ವರ್ಷ ಕಳೆಯಲಿ, ಅದೇ ಮಗುವಿಗೆ ಅದೇ ಪ್ರಶ್ನೆ ಹಾಕಿ. ಇದೆಂಥ ಪ್ರಶ್ನೆ ಎಂಬಂತೆ ನಿಮ್ಮ ಮುಖ ನೋಡಿ, ‘ಅದs ನೀರು ಅಲ್ಲೇನ್ರಿ?’ ಅನ್ನುತ್ತದೆ. ಒಂದು ಕಾಲಕ್ಕೆ ತಾನು ಬೇರೆ ಉತ್ತರ ಕೊಟ್ಟಿದ್ದೆ ಎಂಬುದೇ ಅದಕ್ಕೆ ನೆನಪಿರುವುದಿಲ್ಲ.

ಈ ಎರಡು ಉತ್ತರಗಳ ನಡುವೆ ಆ ಪುಟ್ಟ ತಲೆಯೊಳಗೆ ಏನು ನಡೆಯಿತು? ಅದನ್ನು ಹುಡುಕಿಕೊಂಡು ಹೊರಟರೆ ಅಂಗನವಾಡಿಯ ಒಂದೊಂದು ವಾರವೂ ಬೆರಗು ಹುಟ್ಟಿಸುತ್ತಾ ಹೋಗುತ್ತದೆ.

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ ನಾಡಿಗೆಲ್ಲ ಗೊತ್ತಿರುವುದು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿಂದ. ಅಮಾವಾಸ್ಯೆ ಬಂತೆಂದರೆ ಬಸ್ಸು, ಟೆಂಪೊ, ಟ್ರ್ಯಾಕ್ಟರ್ ತುಂಬಿಕೊಂಡು ಜನ ಬರುತ್ತಾರೆ. ಮನಸ್ಸಿನ ಬೇನೆ ಹೊತ್ತವರು, ಅವರ ಕೈ ಹಿಡಿದು ಕರೆತಂದ ಅಮ್ಮ ಅಕ್ಕ ಅಣ್ಣಂದಿರು, ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಗುಡಿಯ ಕಡೆ ನಡೆಯುತ್ತಾರೆ. ಕಳೆದುಹೋದ ನೆಮ್ಮದಿಯನ್ನು ಹುಡುಕಿಕೊಂಡು ಅಷ್ಟು ದೂರದಿಂದ ಜನ ಬರುವ ಊರಿನಲ್ಲೇ, ಮೂರರಿಂದ ಆರು ವರ್ಷದ ಮಕ್ಕಳು ಅಂಗನವಾಡಿಯ ಚಾಪೆಯ ಮೇಲೆ ಕೂತು ತಮ್ಮ ಮನಸ್ಸನ್ನು ಮೊದಲ ಬಾರಿಗೆ ಕಟ್ಟಿಕೊಳ್ಳುತ್ತಿರುತ್ತಾರೆ. ಈ ಎರಡನ್ನೂ ಒಟ್ಟಿಗೆ ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಈ ಚಾಪೆಗೆ ಒಂದು ಚರಿತ್ರೆ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಿಂದ ಸೇರಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಲ್ಲಿಂದ ಹೊರಟದ್ದು ಇಂದು ರಾಜ್ಯದಲ್ಲಿ 60,000ಕ್ಕೂ ಹೆಚ್ಚು ಅಂಗನವಾಡಿಗಳಾಗಿವೆ. ಹಿಟ್ಟು, ಹಾಲು, ಮೊಟ್ಟೆ, ಚುಚ್ಚುಮದ್ದು, ತೂಕದ ತಕ್ಕಡಿ ಇವು ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿಗೆ ಬೀಳದ್ದು ಅಲ್ಲಿನ ಪಾಠ. ಕರ್ನಾಟಕದಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆಗಳ ಪುಸ್ತಕ ಬಹಳ ಹಿಂದೆಯೇ ಬಂದಿದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2024ರಲ್ಲಿ ‘ಆಧಾರಶಿಲಾ’ ಎಂಬ ಪಠ್ಯಕ್ರಮ ಹೊರಡಿಸಿತು. ಅದರಲ್ಲಿ 48 ವಾರಗಳ ಲೆಕ್ಕವಿದೆ. ಮೊದಲ 4 ವಾರ ಮನೆ ಬಿಟ್ಟು ಬಂದ ಮಗು ಅಳು ನಿಲ್ಲಿಸಿ ಆ ಜಾಗಕ್ಕೆ ಹೊಂದಿಕೊಳ್ಳಲು, ಆಮೇಲೆ 36 ವಾರ ಕಲಿಕೆ, 8 ವಾರ ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳಲು. ಅಳುವುದಕ್ಕೂ ಸಮಾಧಾನವಾಗುವುದಕ್ಕೂ ಪಠ್ಯಕ್ರಮದಲ್ಲೇ ಒಂದು ತಿಂಗಳು! ಯಾರು ಹಾಗೆ ಬರೆದರೋ ಅವರಿಗೆ ಕೈ ಮುಗಿಯಬೇಕು.

ವಾರಕ್ಕೊಂದು ವಿಷಯ ಎಂಬುದು ಅಂಗನವಾಡಿಯ ಹಳೆಯ ಕ್ರಮ. ನಾನು ಮತ್ತು ನನ್ನ ಮನೆಯವರು, ನನ್ನ ದೇಹ, ಹಣ್ಣು, ತರಕಾರಿ, ಸಾಕುಪ್ರಾಣಿ, ಪಕ್ಷಿ, ನೀರು, ವಾಹನ, ಹಬ್ಬ ಹೀಗೆ. ಗೋಡೆಯ ಮೇಲೆ ಓದಿದರೆ ತೀರಾ ಸಾದಾ ಪಟ್ಟಿ. ಆದರೆ ಒಂದು ವಾರವನ್ನು ಬಿಚ್ಚಿ ನೋಡಿ.

ನೀರಿನ ವಾರವನ್ನೇ ತೆಗೆದುಕೊಳ್ಳಿ. ಉಕ್ಕಡಗಾತ್ರಿಯ ಮಗುವಿಗೆ ನೀರು ಚಾರ್ಟಿನ ಚಿತ್ರವಾಗಿ ಎದುರಾಗುವುದಿಲ್ಲ. ಕೂಡ್ಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹೊನ್ನಾಳಿ ದಾಟಿ ಇದೇ ಊರಿನ ಮಗ್ಗುಲಲ್ಲಿ ಹರಿದು ಹರಿಹರಕ್ಕೆ ಹೋಗುತ್ತಾರೆ. ಮಲೆನಾಡಿನಲ್ಲಿ ಮಳೆ ಜೋರಾದರೆ ಇಲ್ಲಿ ಹೊಳೆ ಏರುತ್ತದೆ, ಫತ್ತೇಪುರದ ಸಂಪರ್ಕ ರಸ್ತೆ ಮುಳುಗುತ್ತದೆ, ಸ್ನಾನಘಟ್ಟವೂ ಅಂಗಡಿ ಸಾಲೂ ನೀರಲ್ಲಿ ನಿಲ್ಲುತ್ತವೆ. ಇಲ್ಲಿ ಮಳೆ ಬಾರದಿದ್ದರೂ ಹೊಳೆ ಯಾಕೆ ತುಂಬಿತು? ನಾಲ್ಕು ವರ್ಷದ ಮಗು ಈ ಪ್ರಶ್ನೆಯನ್ನು ನಿಜವಾಗಿಯೂ ಕೇಳಬಲ್ಲದು, ಮತ್ತು ಇದು ಭೂಗೋಳಶಾಸ್ತ್ರದ ಮೊದಲ ಪ್ರಶ್ನೆಗಳಲ್ಲೊಂದು! ಬಕೆಟ್ಟಿನಲ್ಲಿ ಎಲೆ ತೇಲಿತು, ಕಲ್ಲು ಮುಳುಗಿತು. ಹಾಗಾದರೆ ತೆಂಗಿನಕಾಯಿ? ಅಷ್ಟು ಭಾರದ ಕಾಯಿ ತೇಲಿದಾಗ ಮಕ್ಕಳ ಬಾಯಿ ತೆರೆದಲ್ಲೇ ನಿಲ್ಲುತ್ತದೆ. ಭಾರವಾದದ್ದು ಮುಳುಗುತ್ತದೆ ಎಂದು ತಾವೇ ಕಟ್ಟಿಕೊಂಡ ನಿಯಮ ಆ ಕ್ಷಣ ಬಿರುಕು ಬಿಟ್ಟಿತು. ನಿಯಮ ಕಟ್ಟುವುದು, ಅದು ಮುರಿಯುವುದನ್ನು ನೋಡುವುದು, ಮತ್ತೆ ಕಟ್ಟುವುದು, ಪ್ರಯೋಗಾಲಯದಲ್ಲಿ ದೊಡ್ಡವರು ಮಾಡುವುದೂ ಇದನ್ನೇ.

ಲೋಟದ ನೀರಿನ ಪ್ರಯೋಗ ಜಿನೀವಾದ ಜಾನ್ ಪಿಯಾಜೆಯದು. ಸಂಖ್ಯೆಯ ಅರಿವು ಮಗುವಿನಲ್ಲಿ ಹೇಗೆ ಹುಟ್ಟುತ್ತದೆ ಎಂಬ ಅವರ ಪುಸ್ತಕ, ಅಲೀನಾ ಶೆಮಿನ್ಸ್ಕಾ ಜೊತೆ ಬರೆದದ್ದು, 1941ರಲ್ಲಿ ಬಂತು. ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬುದು ಮಗುವಿಗೆ ಆರೇಳು ವರ್ಷದ ಹೊತ್ತಿಗೆ ಹೊಳೆಯುತ್ತದೆ ಎಂದರು ಪಿಯಾಜೆ. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 1974ರಲ್ಲಿ ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ಚಮತ್ಕಾರ ಮಾಡಿದರು. ಸಾಲಾಗಿ ಜೋಡಿಸಿದ ಬಿಲ್ಲೆಗಳನ್ನು ದೊಡ್ಡವರು ಕದಲಿಸುವ ಬದಲು ಒಂದು ತುಂಟ ಕರಡಿ ಗೊಂಬೆ ಬಂದು ಕೆಡಿಸಿದಂತೆ ಮಾಡಿದರು. ಅಷ್ಟೇ! ಮೊದಲು ತಪ್ಪು ಹೇಳುತ್ತಿದ್ದ ವಯಸ್ಸಿನ ಮಕ್ಕಳಲ್ಲಿ ಬಹಳಷ್ಟು ಮಂದಿ ಈಗ ‘ಅಷ್ಟೇ ಇದೆ’ ಎಂದು ಸರಿಯಾಗಿ ಹೇಳಿದರು. ಯಾಕೆ? ದೊಡ್ಡವರು ಬೇಕೆಂದೇ ಏನೋ ಬದಲಾಯಿಸಿ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಉತ್ತರವೂ ಬದಲಾಗಬೇಕು ಅಂತಲೇ ಕೇಳುತ್ತಿದ್ದಾರೆ ಎಂದು ಮಗು ಊಹಿಸುತ್ತದೆ. ಮಗು ಬಿಲ್ಲೆಗಳನ್ನು ನೋಡುವ ಜೊತೆಗೆ ಕೇಳುವವರ ಮುಖವನ್ನೂ ಓದುತ್ತಿತ್ತು! ನಾವು ಪರೀಕ್ಷಿಸುತ್ತಿದ್ದೇವೆ ಅಂದುಕೊಂಡಾಗ ಅದು ನಮ್ಮನ್ನೇ ಪರೀಕ್ಷಿಸುತ್ತಿತ್ತು.

ಈಗ ಹುಣಸೆ ಬೀಜಕ್ಕೆ ಬನ್ನಿ. ಅಳಗುಳಿ ಮಣೆಗೆ ನಮ್ಮ ಅಜ್ಜಿಯರು ಸುರಿಯುತ್ತಿದ್ದ ಅದೇ ನುಣುಪಾದ ಕಂದು ಬೀಜ. ಮೂರು ವರ್ಷದ ಮಗು ಒಂದರಿಂದ ಹತ್ತರವರೆಗೆ ಒಂದೇ ಉಸಿರಿಗೆ ಹೇಳುತ್ತದೆ, ಮನೆಯವರು ಹಿಗ್ಗುತ್ತಾರೆ. ಅದರ ಮುಂದೆ ಹಿಡಿ ಬೀಜ ಸುರಿದು ಕೈ ಚಾಚಿ, ‘ಮೂರು ಕೊಡಪ್ಪ’ ಅನ್ನಿ. ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತದೆ. ಹತ್ತು ಹೇಳಲು ಬರುವ ಮಗುವಿಗೆ ಮೂರು ಎಂದರೇನೆಂದು ತಿಳಿದಿಲ್ಲ! ಕ್ಯಾರನ್ ವಿನ್ ಎಂಬ ಅಮೆರಿಕದ ಮನೋವಿಜ್ಞಾನಿ 1990ರ ಆಸುಪಾಸಿನಲ್ಲಿ ಇದನ್ನು ಬಿಡಿಸಿ ತೋರಿಸಿದರು. ಮಗು ಮೊದಲು ‘ಒಂದು’ ಎಂಬುದರ ಅರ್ಥ ಹಿಡಿಯುತ್ತದೆ. ಒಂದು ಕೇಳಿದರೆ ಒಂದೇ ಕೊಡುತ್ತದೆ, ಮಿಕ್ಕ ಯಾವ ಸಂಖ್ಯೆ ಕೇಳಿದರೂ ಬಾಚುತ್ತದೆ. ತಿಂಗಳುಗಳು ಉರುಳಿದ ಮೇಲೆ ‘ಎರಡು’. ಮತ್ತೆ ತಿಂಗಳುಗಳಾದ ಮೇಲೆ ‘ಮೂರು’. ಆಮೇಲೆ, ಸಾಮಾನ್ಯವಾಗಿ ಮೂರೂವರೆ ನಾಲ್ಕು ವರ್ಷದ ಹೊತ್ತಿಗೆ, ಕಟ್ಟೆಯೊಡೆದಂತೆ ಎಲ್ಲವೂ ಒಮ್ಮೆಗೇ ತೆರೆದುಕೊಳ್ಳುತ್ತದೆ. ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದರ ಉತ್ತರ ಎಂದು ಹೊಳೆದ ಕ್ಷಣ ನಾಲ್ಕು, ಐದು, ಆರು, ಏಳು ಎಲ್ಲವೂ ಅದರ ವಶ.

ಬೊಲಿವಿಯಾದ ಕಾಡಂಚಿನಲ್ಲಿ ಬೇಸಾಯ, ಬೇಟೆ ಮಾಡಿ ಬದುಕುವ ಚಿಮಾನೆ ಜನರ ಮಕ್ಕಳನ್ನು ಸಂಶೋಧಕರು ಇದೇ ಬಗೆಯಲ್ಲಿ ನೋಡಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಅದೇ ಮೆಟ್ಟಿಲು, ಅದೇ ಕ್ರಮ: ಒಂದು, ಎರಡು, ಮೂರು, ಆಮೇಲೆ ಜಿಗಿತ. ವಯಸ್ಸು ಮಾತ್ರ ತಡ. ಮೆಟ್ಟಿಲು ಎಲ್ಲ ಮಕ್ಕಳಿಗೂ ಒಂದೇ, ಹತ್ತುವ ವೇಗವನ್ನು ಮಾತ್ರ ಸುತ್ತಲಿನ ಮಾತು, ಆಟ, ಎಣಿಕೆ ತೀರ್ಮಾನಿಸುತ್ತವೆ. ಊಟದ ಹೊತ್ತಿಗೆ ಸಹಾಯಕಿ ‘ಎಷ್ಟು ತಟ್ಟೆ ಬೇಕು, ಎಣಿಸಿ ತಗೊಂಡ್ ಬಾ’ ಅಂದಾಗ ಮಗು ಆ ಮೆಟ್ಟಿಲಿನ ಮೇಲೆ ಒಂದು ಹೆಜ್ಜೆ ಇಡುತ್ತದೆ. ಒಂದು ತಟ್ಟೆ ಕಡಿಮೆ ಬಿತ್ತು, ಗೆಳತಿಗೆ ಸಿಗಲಿಲ್ಲ, ವಾಪಸ್ ಓಡಿತು. ಇದಕ್ಕಿಂತ ಒಳ್ಳೆಯ ಗಣಿತದ ತರಗತಿ ಎಲ್ಲಿದೆ ಹೇಳಿ!

ಅಂಗಳಕ್ಕೆ ಬಂದರೆ ನೆಲದ ಮೇಲೆ ಸುಣ್ಣದ ಒಂದು ದೊಡ್ಡ ವೃತ್ತ. ‘ಕೆರೆ’ ಅಂದರೆ ಒಳಗೆ ಜಿಗಿಯಬೇಕು, ‘ದಡ’ ಅಂದರೆ ಹೊರಗೆ. ಟೀಚರ್ ಕೆರೆ, ದಡ, ಕೆರೆ, ದಡ ಎಂದು ಓಟಕ್ಕೆ ಹಚ್ಚಿ, ತಟ್ಟನೆ ‘ದಡ’ ಎಂದೇ ಎರಡು ಸಲ ಹೇಳುತ್ತಾರೆ. ಅರ್ಧ ಮಕ್ಕಳು ಕೆರೆಗೆ ಬಿದ್ದಾಯಿತು! ನಾವೆಲ್ಲ ಆಡಿದ ಆಟ. ಇದರೊಳಗಿರುವುದು ಏನೆಂದು ತಿಳಿದಾಗ ನನಗೆ ಕುಣಿಯಬೇಕೆನಿಸಿತು. ಅಮೆರಿಕದ ಮೇಗನ್ ಮೆಕ್ಲೆಲೆಂಡ್ ಮತ್ತು ಅವರ ಸಂಗಡಿಗರು ರೂಪಿಸಿದ ಒಂದು ಪರೀಕ್ಷೆಯಲ್ಲಿ ‘ತಲೆ ಮುಟ್ಟು’ ಎಂದರೆ ಮಗು ಕಾಲ್ಬೆರಳು ಮುಟ್ಟಬೇಕು, ‘ಕಾಲ್ಬೆರಳು’ ಎಂದರೆ ತಲೆ. ದೇಹ ತಾನಾಗಿ ಹೊರಟ ದಿಕ್ಕಿಗೆ ಅದನ್ನು ಬಿಡದೆ, ಹೇಳಿದ್ದನ್ನು ನೆನಪಲ್ಲಿಟ್ಟು, ಕೈಯನ್ನು ತಡೆದು ತಿರುಗಿಸುವುದು. ಶಾಲೆಗೆ ಬಂದ ಮೇಲೆ ಮಗು ಲೆಕ್ಕದಲ್ಲಿ, ಓದಿನಲ್ಲಿ ಹೇಗೆ ಸಾಗುತ್ತದೆ ಎಂಬುದಕ್ಕೂ ಈ ತಡೆಯುವ ಶಕ್ತಿಗೂ ನಂಟಿದೆ ಎಂದು ಅವರ ಅಧ್ಯಯನಗಳು ತೋರಿಸಿವೆ. ಅದನ್ನೇ ನಮ್ಮ ಓಣಿಯ ಮಕ್ಕಳು, ಯಾವ ಪ್ರಯೋಗಾಲಯವೂ ಹೇಳಿಕೊಡದೆ, ಕೆರೆ-ದಡದಲ್ಲಿ ತಲೆಮಾರುಗಳಿಂದ ಪಳಗಿಸಿಕೊಳ್ಳುತ್ತಿದ್ದಾರೆ!

ಕಣ್ಣಾಮುಚ್ಚಾಲೆ ಇನ್ನೂ ಆಳ. ಮೂರು ವರ್ಷದ ಮಗು ಅಡಗಿಕೊಳ್ಳುವುದನ್ನು ನೋಡಿದ್ದೀರಲ್ಲ? ನಡುಮನೆಯಲ್ಲೇ ನಿಂತು ತನ್ನ ಕಣ್ಣು ಮುಚ್ಚಿಕೊಳ್ಳುತ್ತದೆ. ಐದು ವರ್ಷದ ಅಕ್ಕ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿರುತ್ತಾಳೆ, ಜೊತೆಗೆ ಚಪ್ಪಲಿಯನ್ನು ಹಿತ್ತಲಲ್ಲಿ ಬಿಟ್ಟು ಹುಡುಕುವವರ ದಾರಿ ತಪ್ಪಿಸುವಷ್ಟು ಜಾಣತನ ಬೇರೆ. ಈ ಎರಡು ವರ್ಷಗಳಲ್ಲಿ ಆಕೆ ಏನು ಕಂಡುಕೊಂಡಳು? ಆಸ್ಟ್ರಿಯಾದಲ್ಲಿ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ 1983ರಲ್ಲಿ ಮಕ್ಕಳಿಗೊಂದು ಪುಟ್ಟ ಕಥೆ ಹೇಳಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ನೀಲಿ ಕಪಾಟಿನಲ್ಲಿಟ್ಟು ಆಡಲು ಹೋದ. ಅವನಿಲ್ಲದಾಗ ಅವನಮ್ಮ ಅದನ್ನು ಹಸಿರು ಕಪಾಟಿಗೆ ಇಟ್ಟಳು. ಮ್ಯಾಕ್ಸಿ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಹಸಿರು ಕಪಾಟು ತೋರಿಸುತ್ತಾರೆ, ತಮಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು ಎಂಬಂತೆ. ನಾಲ್ಕೈದರ ಹೊತ್ತಿಗೆ ಉತ್ತರ ನೀಲಿಗೆ ತಿರುಗುತ್ತದೆ. ನನ್ನ ತಲೆಯೊಳಗೆ ಒಂದು ಲೋಕ, ಅವನ ತಲೆಯೊಳಗೆ ಇನ್ನೊಂದು, ಅದು ತಪ್ಪಾಗಿಯೂ ಇರಬಹುದು! ಕೆನಡಾ, ಭಾರತ, ಪೆರು, ಸಮೋವಾ, ಥಾಯ್ಲೆಂಡ್ ಈ ಐದು ದೇಶಗಳ ಮಕ್ಕಳನ್ನು ಹೋಲಿಸಿದ ಅಧ್ಯಯನ 2005ರಲ್ಲಿ ಬಂತು. ಎಲ್ಲ ಕಡೆಯೂ ಐದು ವರ್ಷದ ಆಸುಪಾಸಿಗೆ ಮಕ್ಕಳು ಈ ಹೊಸ್ತಿಲು ದಾಟಿದ್ದರು.

ಉಕ್ಕಡಗಾತ್ರಿಯ ಮಕ್ಕಳು ಈ ಹೊಸ್ತಿಲು ದಾಟುವ ರೀತಿಯನ್ನು ಯೋಚಿಸಿ. ಅಮಾವಾಸ್ಯೆಯ ದಿನ ದಾರಿಯಲ್ಲಿ ಯಾರೋ ಅಳುತ್ತಿರುತ್ತಾರೆ, ಯಾರೋ ಕೂಗುತ್ತಿರುತ್ತಾರೆ, ಯಾರೋ ಸುಮ್ಮನೆ ಹೊಳೆ ನೋಡುತ್ತಾ ಕೂತಿರುತ್ತಾರೆ. ಸಂತೋಷ, ಸಿಟ್ಟು, ಹೆದರಿಕೆ, ದುಃಖ ಎಂದು ಮುಖಗಳ ಚಿತ್ರ ತೋರಿಸಿ ಮಾತಾಡಿಸುವುದು ಅಂಗನವಾಡಿಯ ಚಟುವಟಿಕೆಗಳಲ್ಲೊಂದು. ಬೇರೆ ಊರಲ್ಲಿ ಅದು ಚಿತ್ರದಲ್ಲೇ ಉಳಿದೀತು. ಇಲ್ಲಿ ‘ಆ ಅಕ್ಕ ಯಾಕ ಅಳ್ತಾಳ್ರೀ ಟೀಚರ್?’ ಎಂದು ಮಗು ಕೇಳಿದರೆ ಅದಕ್ಕೆ ಒಂದು ಮೆತ್ತನೆಯ, ನಿಜವಾದ ಉತ್ತರ ಬೇಕು. ಹೆದರಿಸದೆ, ನಗಾಡದೆ, ಆ ಅಕ್ಕನಿಗೆ ಮನಸ್ಸು ನೊಂದಿದೆ ಎಂದು ಹೇಳಿಕೊಟ್ಟರೆ, ಇನ್ನೊಬ್ಬರ ನೋವು ಎಂಬ ಪಾಠ ಅಲ್ಲೇ ಆಯಿತು. ಯಾವ ಪಠ್ಯಕ್ರಮವೂ ಇದನ್ನು ವಾರದ ಪಟ್ಟಿಗೆ ಸೇರಿಸಲಾರದು.

ಅಕ್ಷರ ಯಾವಾಗ ಎಂಬುದು ಅಪ್ಪ ಅಮ್ಮಂದಿರ ಮೊದಲ ಪ್ರಶ್ನೆ. ಸ್ಲೇಟು ತುಂಬಾ ಬರೆದು ತರಲಿಲ್ಲ ಎಂದರೆ ಮಗು ಏನೂ ಕಲಿಯಲಿಲ್ಲ ಎಂಬ ಆತಂಕ ಎಲ್ಲ ಕಡೆ ಇದೆ, ಆ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಮಗುವಿನ ಮಣಿಕಟ್ಟನ್ನು ಎಕ್ಸ್-ರೇಯಲ್ಲಿ ಒಮ್ಮೆ ನೋಡಿ! ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಮೂರು ವರ್ಷದ ಮಗುವಿನಲ್ಲಿ ಅವುಗಳ ಪೈಕಿ ಎರಡೋ ಮೂರೋ ಮಾತ್ರ ಕಾಣುತ್ತವೆ, ಮಿಕ್ಕವು ಇನ್ನೂ ಮೆತ್ತನೆಯ ಮೃದ್ವಸ್ಥಿ. ಆರರ ಹೊತ್ತಿಗೆ ಏಳು ಮೂಡುತ್ತವೆ, ಎಂಟನೆಯದು ಇನ್ನೂ ತಡ. ಮಣ್ಣು ಕಲೆಸುವುದು, ಮಣಿ ಪೋಣಿಸುವುದು, ಕಾಗದ ಹರಿಯುವುದು, ಬಟಾಣಿ ಸುಲಿಯುವುದು, ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆಯುವುದು, ಇವೆಲ್ಲ ಆ ಕೈಗೆ ಬೇಕಾದ ಬರಹದ ತಯಾರಿ.

ಮತ್ತೆ ಕನ್ನಡದ ಅಕ್ಷರ ಎಂದರೆ ಸಣ್ಣ ಬೆಟ್ಟವೇ! 49 ಮೂಲಾಕ್ಷರ, 34 ವ್ಯಂಜನಗಳಿಗೆ ಹದಿನೈದು ರೂಪಗಳ ಕಾಗುಣಿತ ಎಂದರೆ 510, ಮೇಲೆ ಒತ್ತಕ್ಷರಗಳು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿದ್ದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕನ್ನಡದ ಮಕ್ಕಳು ಅಕ್ಷರಗಳನ್ನು ಪೂರ್ತಿ ವಶ ಮಾಡಿಕೊಳ್ಳಲು ನಾಲ್ಕನೇ ತರಗತಿವರೆಗೂ, ಕೆಲವೊಮ್ಮೆ ಅದರಾಚೆಗೂ ಹೋಗುತ್ತದೆ. ಇಂಗ್ಲಿಷಿನ 26 ಅಕ್ಷರದ ಗಡಿಯಾರ ಹಿಡಿದು ಕನ್ನಡದ ಮಗುವನ್ನು ಅಳೆಯುವುದು ಅನ್ಯಾಯ. ಒಂದನೇ ತರಗತಿಯಲ್ಲಿ ಅ ಆ ಇ ಈ ಬದಲು ರ ಗ ಸ ದ ಅ ಎಂದು ಶುರುಮಾಡುವುದೂ ಬೆಟ್ಟವನ್ನು ಸುಲಭದ ಕಡೆಯಿಂದ ಹತ್ತಿಸಲೆಂದೇ. ಅಂಗನವಾಡಿಯಲ್ಲಿ ನಡೆಯುವುದು ಅದಕ್ಕೂ ಹಿಂದಿನ ಕೆಲಸ. ಹೆಸರು ಹೇಳಿ ಚಪ್ಪಾಳೆ ತಟ್ಟುವುದು: ಬ-ಸ-ವ, ಮೂರು ಚಪ್ಪಾಳೆ. ಗೌ-ರಿ, ಎರಡು. ಮಗುವಿನ ಕೈ ತುಂಡರಿಸಿದ ಆ ತುಂಡುಗಳೇ ಮುಂದೆ ಪಾಟಿಯ ಮೇಲೆ ಒಂದೊಂದು ಅಕ್ಷರವಾಗಿ ಕೂರುತ್ತವೆ. ಕಿವಿ ಮೊದಲೇ ಕಂಡುಹಿಡಿದದ್ದನ್ನು ಕಣ್ಣು ಆಮೇಲೆ ಕಾಣುತ್ತದೆ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ಇಷ್ಟು ದಶಕಗಳಾದರೂ ಚಾಪೆಯ ಮೇಲೆ ಕುಣಿಯುತ್ತಿರುವುದಕ್ಕೆ ಆ ತಾಳದ ಹಿಡಿತವೂ ಕಾರಣ.

ಮಿದುಳಿನ ಬೆಳವಣಿಗೆಯ 85%ಕ್ಕೂ ಹೆಚ್ಚು ಆರು ವರ್ಷದೊಳಗೇ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ಅಂಕಿಯನ್ನು ಕೈಯಲ್ಲಿ ಹಿಡಿದು ಅಂಗನವಾಡಿ ಟೀಚರ್ ಒಬ್ಬರ ದಿನವನ್ನು ನೋಡಿ. ಮಕ್ಕಳ ತೂಕ, ಗರ್ಭಿಣಿಯರ ಪಟ್ಟಿ, ಬಾಣಂತಿಯರ ಮನೆ ಭೇಟಿ, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್, ದಾಸ್ತಾನು ಪುಸ್ತಕ, ಸರ್ವೆ, ಚುನಾವಣೆ ಕೆಲಸ. ಇಷ್ಟರ ಸಂದಿಯಲ್ಲಿ ಕೆರೆ-ದಡ, ಹುಣಸೆ ಬೀಜ, ಕಥೆ. ತಮಿಳುನಾಡಿನ 320 ಅಂಗನವಾಡಿಗಳಲ್ಲಿ ಅಲೆಹಾಂದ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್, ಕ್ರಿಸ್ಟೊಫರ್ ವಾಲ್ಟರ್ಸ್ ಒಂದು ಪ್ರಯೋಗ ನಡೆಸಿದರು. ಅರ್ಧದಷ್ಟು ಕೇಂದ್ರಗಳಿಗೆ ಶಾಲಾಪೂರ್ವ ಕಲಿಕೆಗೆಂದೇ ಅರೆಕಾಲಿಕವಾಗಿ ಇನ್ನೊಬ್ಬರನ್ನು ಕೊಟ್ಟರು. ಕಲಿಸುವ ಹೊತ್ತು ಎರಡರಷ್ಟಾಯಿತು, ಮಕ್ಕಳ ಲೆಕ್ಕವೂ ಭಾಷೆಯೂ ಸುಧಾರಿಸಿತು. ಜೊತೆಗೆ ಯಾರೂ ಎಣಿಸದ ಇನ್ನೊಂದು ಫಲ: ಹಳೆಯ ಕಾರ್ಯಕರ್ತೆಗೆ ಪೋಷಣೆಯ ಕಡೆ ಗಮನ ಕೊಡಲು ಸಮಯ ಸಿಕ್ಕಿ, ಆ ಊರುಗಳಲ್ಲಿ ಕುಂಠಿತ ಬೆಳವಣಿಗೆಯೂ ತಗ್ಗಿತು. ಒಬ್ಬರೇ ಒಬ್ಬರು ಹೆಚ್ಚು ಬಂದದ್ದಕ್ಕೆ ಇಷ್ಟು! ನಮ್ಮಲ್ಲೂ ಟೀಚರ್‌ಗೆ ಇಂಥ ಒಬ್ಬ ಜೊತೆಗಾರ್ತಿ ಸಿಗಬೇಕು, ಸಿಗಲೇಬೇಕು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ನೀರಿನ ವಾರ ಮುಗಿದ ಮೇಲೆ ವಾಹನಗಳ ವಾರವೂ ಬರುತ್ತದೆ. ಅದು ಅಮಾವಾಸ್ಯೆಯ ವಾರವೇ ಆಗಿಬಿಟ್ಟರೆ ಉಕ್ಕಡಗಾತ್ರಿಯ ಮಕ್ಕಳಿಗೆ ಚಾರ್ಟು ಯಾಕೆ ಬೇಕು! ಇಡೀ ದಾರಿಯೇ ಪುಸ್ತಕ. ಕೆಎ 17 ದಾವಣಗೆರೆಯದು, ಕೆಎ 27 ಹಾವೇರಿಯದು, ಕೆಎ 14 ಶಿವಮೊಗ್ಗದ್ದು. ಆಟೊಗೆ ಮೂರು ಗಾಲಿ, ಕಾರಿಗೆ ನಾಲ್ಕು, ಬಸ್ಸಿಗೆ ಹಿಂದೆ ಜೋಡಿ ಗಾಲಿ ಸೇರಿ ಆರು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ ಎಷ್ಟು? ಒಂದು ಮಗು ಎಣಿಸುತ್ತದೆ, ಇನ್ನೊಂದು ಅಲ್ಲ ಅನ್ನುತ್ತದೆ, ಮೂರನೆಯದು ‘ಸ್ಟೇರಿಂಗೂ ಗಾಲಿನೇ!’ ಅನ್ನುತ್ತದೆ, ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಬಸ್ಸು ಹಾರನ್ ಹೊಡೆಯುತ್ತದೆ, ಎಣಿಕೆ ಮತ್ತೆ ಒಂದರಿಂದ.